ತಟ್ಟೆ ತೋರಿಸಿ ಮಾತಾಡಿ

ನಾನು ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುತ್ತೇನೆ, ಅದೂ ಕನ್ನಡದಲ್ಲಿ ಬರೆಯುತ್ತೇನೆ ಎಂದರೆ ಎದುರಿಗಿದ್ದವರ ಮುಖದಲ್ಲಿ ಎರಡು ಅನುಮಾನಗಳು ಒಟ್ಟಿಗೇ ಏಳುತ್ತವೆ. ಬೇಲಾಪುರದ ಸರಕಾರಿ ಕಚೇರಿಯಲ್ಲಿ ಫೈಲು ದೂಡುವ ನಲವತ್ತೇಳು ವರ್ಷದ ಹೆಂಗಸಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎನ್ನುವುದು ಒಂದು. ಇದನ್ನೆಲ್ಲ ಕನ್ನಡದಲ್ಲಿ ಯಾವ ಪುಣ್ಯಾತ್ಮರು ಓದುತ್ತಾರೆ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಕೈಯಲ್ಲಿ ಹಿಡಿದು ಆಡುವ ಆ ಯಂತ್ರವನ್ನು ಮಗಳಿಗೆಂದು ತಂದದ್ದು. ಮಗಳು ಎರಡು ತಿಂಗಳಲ್ಲಿ ಬಿಟ್ಟಳು, ನಾನು ಹಿಡಿದುಕೊಂಡೆ. ನಮ್ಮ ಮನೆ ಠಾಣೆಯ ವರ್ತಕ ನಗರದಲ್ಲಿ. ಸ್ಟೇಷನ್ನಿಗೆ ಶೇರ್ ರಿಕ್ಷಾ, ಅಲ್ಲಿಂದ ಪನ್ವೇಲ್ ಲೋಕಲ್‌ನಲ್ಲಿ ಮುಕ್ಕಾಲು ಗಂಟೆ, ಸಂಜೆ ಮತ್ತೆ ಅಷ್ಟೇ. ಲೇಡೀಸ್ ಡಬ್ಬಿಯಲ್ಲಿ ಕೆಲವರು ಮೇಥಿ ಸೊಪ್ಪು ಬಿಡಿಸುತ್ತಾರೆ, ಕೆಲವರು ಸ್ತೋತ್ರ ಓದುತ್ತಾರೆ, ನಾನು ರಾಕ್ಷಸರನ್ನು ಕೊಲ್ಲುತ್ತೇನೆ. ಪಕ್ಕದಲ್ಲಿ ಕೂರುವ ಮರಾಠಿ ಟೀಚರೊಬ್ಬರು ಈಗ ಎಷ್ಟು ಪಳಗಿದ್ದಾರೆ ಎಂದರೆ, 'ಅಗಂ, ಮೆಲಾ ಕಾ ತೋ?' ಎಂದು ರಾಕ್ಷಸ ಸತ್ತನೋ ಇಲ್ಲವೋ ವಿಚಾರಿಸಿಯೇ ಇಳಿಯುತ್ತಾರೆ.

ಎರಡನೆಯದಕ್ಕೂ ಉತ್ತರ ಉಂಟು. ಇಲ್ಲಿನ ಕನ್ನಡಿಗರು ಕೆಲವರು ಸೇರಿ ನಡೆಸುವ ಒಂದು ಜಾಲಪತ್ರಿಕೆಯ ಸಂಪಾದಕರು ನನ್ನಲ್ಲಿ ಅಡುಗೆ ಅಂಕಣ ಕೇಳಿದ್ದರು. ಉಡುಪಿಯಿಂದ ಬಂದ ಹೋಟೆಲಿನವರ ಮಗಳಲ್ಲವೇ, ಸಾಂಬಾರು ಪುಡಿಯ ಗುಟ್ಟನ್ನಾದರೂ ಬರೆದಾಳು ಎಂದುಕೊಂಡಿರಬೇಕು. ನನಗೆ ಅಡುಗೆ ಬರುವುದಿಲ್ಲ, ಗೇಮ್ ಬರುತ್ತದೆ ಎಂದೆ. ತಮಾಷೆ ಎಂದು ನಕ್ಕು ಒಪ್ಪಿದರು. ಒಪ್ಪಿದ ಮೇಲೆ ಅವರ ಗ್ರಹಚಾರ.

ಅಡುಗೆ ಬಾರದಿದ್ದರೂ ನನ್ನ ವಿಮರ್ಶೆಯ ಮಾತೆಲ್ಲ ಅಡುಗೆಮನೆಯಿಂದಲೇ ಬಂತು. ಕಳೆದ ವರ್ಷದ ಫುಟ್‌ಬಾಲ್ ಗೇಮಿಗೆ ಜೆರ್ಸಿ ಬದಲಾಯಿಸಿ ಈ ವರ್ಷ ಮತ್ತೆ ಮಾರಿದಾಗ, 'ನಿನ್ನೆಯ ಸಾಂಬಾರಿಗೆ ಬಿಸಿನೀರು ಹೊಯ್ದು ಒಗ್ಗರಣೆ ಕೊಟ್ಟಿದ್ದಾರೆ' ಎಂದು ಬರೆದೆ. ನೂರು ಗಂಟೆ ಕುದುರೆ ಓಡಿಸಬೇಕಾದ, ಜಗತ್ತೆಲ್ಲ ಹೊಗಳಿದ ದೊಡ್ಡ ಗೇಮೊಂದಕ್ಕೆ, 'ಎಲೆ ತುಂಬ ಉದ್ದ, ಬಡಿಸಿದ್ದು ಉಪ್ಪು ಮತ್ತು ಉಪ್ಪಿನಕಾಯಿ' ಎಂದೆ. ಬೆಂಗಳೂರು, ಹುಬ್ಬಳ್ಳಿಯ ಹುಡುಗರು ಓದತೊಡಗಿದರು. ಖಾರ ಹೆಚ್ಚಿದಷ್ಟೂ ಓದುವವರು ಹೆಚ್ಚಿದರು. ಒಳ್ಳೆಯ ಗೇಮನ್ನು ಮೆಚ್ಚಿ ಬರೆದ ವಾರ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೀಗಾಗಿ ನನ್ನ ನಾಲಿಗೆ ತಾನಾಗಿಯೇ ಉದ್ದವಾಯಿತು, ಅದನ್ನು ಎಳೆದು ಒಳಗಿಡುವ ಮನಸ್ಸು ನನಗೂ ಇರಲಿಲ್ಲ.

ಒಂದು ದಿನ ಸಂಪಾದಕರು ಫೋನ್ ಮಾಡಿದರು. ಡೊಂಬಿವಲಿಯ ಹುಡುಗಿಯೊಬ್ಬಳು ಒಬ್ಬಳೇ ಕೂತು ಒಂದು ಗೇಮ್ ಮಾಡಿದ್ದಾಳೆ, ನಮ್ಮ ಕಡೆಯವಳು, ಐರೋಲಿಯ ಯಾವುದೋ ಕಂಪನಿಯಲ್ಲಿ ಕೆಲಸ, ಸಂಬಳವಿಲ್ಲದೆ ಒಂದು ವರ್ಷ ರಜೆ ಹಾಕಿದ್ದಾಳೆ ಎಂದರು. "ರಜೆ ಮುಗಿಲಿಕ್ಕೆ ಇನ್ನು ಒಂದೇ ತಿಂಗಳು ಉಂಟು ಮಾರಾಯ್ರೆ. ಈ ಗೇಮಿಗೆ ನಾಲ್ಕು ಜನ ಸಿಕ್ಕಿದ್ರೆ ಅವಳು ಆಫೀಸ್ ಬಿಟ್ಟು ಇದೇ ಮಾಡ್ತಾಳಂತೆ, ಎರಡನೇದು ಅರ್ಧ ಆಗಿದೆ. ಸಿಗದಿದ್ರೆ ಎಲ್ಲ ಅಲ್ಲಿಗೇ ಬಂದ್. ನಮ್ಮವಳು, ಸ್ವಲ್ಪ ನೋಡಿ ಬರೀರಿ."

ನಮ್ಮವಳು ಎಂದ ಕೂಡಲೇ ನನ್ನ ಮೂಗಿನ ತುದಿ ಕೆಂಪಾಗುತ್ತದೆ. ಇಲ್ಲಿ ಯಕ್ಷಗಾನ ಆದರೂ ಅಷ್ಟೇ, ಪುಸ್ತಕ ಬಿಡುಗಡೆ ಆದರೂ ಅಷ್ಟೇ, ನಮ್ಮವರು ಎನ್ನುವ ಒಂದು ಮಾತಿನ ಮೇಲೆ ಶಾಲು ಹೊದೆಸಿ ಫೋಟೋ ತೆಗೆದು ಮುಗಿಸಿಬಿಡುತ್ತೇವೆ. ನಾನು ಹಾಗೆ ಮಾಡುವವಳಲ್ಲ ಎಂದು ತೋರಿಸುವ ಹಟ ಆಗಲೇ ಹುಟ್ಟಿತ್ತು. ಈಗ ಯೋಚಿಸಿದರೆ ಗೇಮ್ ತೆರೆಯುವ ಮೊದಲೇ ನಾನು ಅರ್ಧ ವಿಮರ್ಶೆ ಬರೆದುಕೊಂಡಿದ್ದೆ.

ಗೇಮ್ ಚಿಕ್ಕದು. ಸ್ಟೇಷನ್ ಎದುರಿನ ಒಂದು ಉಡುಪಿ ಹೋಟೆಲು. ನೀವು ಅಲ್ಲಿ ಸಪ್ಲಾಯರ್. ಒಟ್ಟು ಏಳು ದಿನ. ಆರ್ಡರ್ ಕೇಳಬೇಕು, ಒಳಗೆ ಕೂಗಿ ಹೇಳಬೇಕು, ಮೂರು ತಟ್ಟೆ ಎಡಗೈಯ ಮೇಲೆ ಸಾಲಾಗಿ ಇಟ್ಟುಕೊಂಡು ಬರಬೇಕು, ಗಿರಾಕಿ ಎದ್ದ ಕೂಡಲೇ ಎಂಜಲು ಪ್ಲೇಟ್ ಎತ್ತಿ ಟೇಬಲ್ಲಿಗೆ ಬಟ್ಟೆ ಹೊಡೆಯಬೇಕು. ಚಿತ್ರಗಳು ಮುದ್ದಾಗಿದ್ದವು, ಪಾತ್ರೆಗಳ ಸದ್ದು ಎಲ್ಲೋ ನಿಜವಾದ ಹೋಟೆಲಿನಲ್ಲೇ ಹಿಡಿದದ್ದು ಎಂದು ಗೊತ್ತಾಗುತ್ತಿತ್ತು. ಆದರೆ ಅಡುಗೆಮನೆಯ ಬಾಗಿಲ ಬಳಿ ಒಂದು ಟೇಬಲ್. ಅದರ ಮೇಲೆ ಒಂದು ಸ್ಟೀಲ್ ಲೋಟ ಕವುಚಿ ಇಟ್ಟಿದೆ. ಅಲ್ಲಿ ಯಾರನ್ನೂ ಕೂರಿಸುವ ಹಾಗಿಲ್ಲ. ಬಾಗಿಲಲ್ಲಿ ಜನ ನಿಂತಿದ್ದಾರೆ, ಬಯ್ಯುತ್ತಿದ್ದಾರೆ, ನೀವು ಅಲ್ಲಿಗೆ ಕರೆದೊಯ್ದರೆ ಗಲ್ಲೆಯಲ್ಲಿ ಕೂತ ಧಣಿ ತಲೆ ಅಲ್ಲಾಡಿಸುತ್ತಾನೆ. ಕಾರಣ ಹೇಳುವುದಿಲ್ಲ. ಒಂದು ದಿನ ಹೀಗೆ, ಎರಡನೆಯ ದಿನವೂ ಹೀಗೆ, ಮೂರನೆಯ ದಿನ ಅದೇ ಮಸಾಲೆ ದೋಸೆ, ಅದೇ ಬೈಗುಳ, ಅದೇ ಖಾಲಿ ಟೇಬಲ್. ಬೇಲಾಪುರದಲ್ಲಿ ಇಳಿಯುವಾಗ ಯಂತ್ರವನ್ನು ಚೀಲಕ್ಕೆ ಹಾಕಿದೆ, ಮತ್ತೆ ಹೊರಗೆ ತೆಗೆಯಲಿಲ್ಲ.

ಊಟದ ಹೊತ್ತಿನಲ್ಲಿ ಕಚೇರಿಯಲ್ಲೇ ಕೂತು ಬರೆದೆ. ಕೈ ಸರಾಗವಾಗಿ ಓಡಿತು. 'ನಾನು ಠಾಣೆಯ ಕೋಪರಿಯಲ್ಲಿ ಅಪ್ಪನ ಹೋಟೆಲಿನ ಗಲ್ಲೆಯ ಕೆಳಗೆ ಆಡಿ ಬೆಳೆದವಳು. ಮಧ್ಯಾಹ್ನದ ಗರ್ದಿಯಲ್ಲಿ ನಾಲ್ಕು ಸೀಟು ಖಾಲಿ ಬಿಡುವ ಹೋಟೆಲಿನವನು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಮಾಡಿದವರು ಹೋಟೆಲನ್ನು ಗಿರಾಕಿಯಾಗಿ ನೋಡಿದ್ದಾರೆ ಅಷ್ಟೇ, ಜನ್ಮದಲ್ಲಿ ಒಂದು ಎಂಜಲು ಪ್ಲೇಟ್ ಎತ್ತಿದವರಲ್ಲ' ಎಂದು ಬರೆದು, ಕೊನೆಯ ಸಾಲನ್ನು ಎರಡು ಸಲ ಓದಿಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಾರೋ ಆ ಮೂರು ಸಾಲನ್ನು ಇಂಗ್ಲಿಷಿಗೆ ಮಾಡಿ ಹಾಕಿದರು. ಅದು ಕೈಯಿಂದ ಕೈಗೆ ಹೋಯಿತು. ಗೇಮ್ ನೋಡದವರೂ ನಕ್ಕರು. ಹೋಟೆಲಿನವರ ಮಗಳೇ ಹೇಳಿದ ಮೇಲೆ ಇನ್ನೇನು ಎಂದು ಬೇರೆಯವರೂ ಅದನ್ನೇ ಹಿಡಿದು ಬರೆದರು. ನನ್ನ ಯಾವ ಬರಹವೂ ಅಷ್ಟು ದೂರ ಹೋಗಿರಲಿಲ್ಲ. ಖುಷಿಯಾಯಿತು ಎಂದು ಒಪ್ಪಿಕೊಳ್ಳಲು ಇಂದು ನಾಚಿಕೆ, ಆದರೆ ಖುಷಿಯಾದದ್ದು ನಿಜ.

ವಿಮರ್ಶೆ ಬಂದ ನಾಲ್ಕನೆಯ ದಿನ ಆ ಹುಡುಗಿಯಿಂದ ಒಂದೇ ಸಾಲಿನ ಸಂದೇಶ ಬಂತು. "ಮ್ಯಾಡಂ, ನೀವು ಎಷ್ಟು ದಿನ ಆಡಿದ್ರಿ?" ಬೈಗುಳವಿಲ್ಲ, ಅಳುವಿಲ್ಲ. ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತೇನೋ. ನಾನು ಬಿಡುವವಳೇ? 'ಮೂರು ದಿನ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು' ಎಂದು ಬರೆದು ಕಳಿಸಿದೆ. ಗಾದೆ ಕೈಗೆ ಸಿಕ್ಕಿದ ದಿನ ನಮಗೆ ಬೇರೆ ಬುದ್ಧಿ ಬೇಡ.

ಆ ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಎಂಬತ್ತೆರಡು. ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟ ಮೇಲೆ ನಮ್ಮೊಂದಿಗೇ ಇದ್ದಾರೆ. ಹಾಲಿನವನು ಬರುವ ಮೊದಲೇ ಎದ್ದು, ಬಾಲ್ಕನಿಯಲ್ಲಿ ಕೂತು, ಎದುರು ಬಿಲ್ಡಿಂಗಿನ ಯಾವ ಮನೆಯಲ್ಲಿ ಮೊದಲು ದೀಪ ಹತ್ತುತ್ತದೆ ಎಂದು ನೋಡುವುದು ಅವರ ಈಗಿನ ವ್ಯಾಪಾರ. ಗೇಮ್ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲ, ಹೋಟೆಲ್ ಎಂದದ್ದು ಮಾತ್ರ ಕಿವಿಗೆ ಬಿತ್ತು.

"ಒಂದು ಟೇಬಲ್ ಖಾಲಿಯೇ ಇರ್ತದಂತೆ ಅಪ್ಪ. ಮಧ್ಯಾಹ್ನ, ಗರ್ದಿಯಲ್ಲಿ!" ಎಂದು ನಾನು ನಕ್ಕೆ.

ಅಪ್ಪ ನಗಲಿಲ್ಲ. ಇಡ್ಲಿಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಹಿಡಿದುಕೊಂಡೇ ಕೇಳಿದರು. "ಅಡುಗೆಮನೆ ಬಾಗ್ಲ ಹತ್ರವಾ?"

"ಹೌದು."

"ಲೋಟ ಕವುಚಿ ಇಟ್ಟದ್ದು?"

ಲೋಟದ ಮಾತನ್ನು ನಾನು ಇನ್ನೂ ಎತ್ತಿರಲಿಲ್ಲ.

"ನಮ್ಮದ್ರಲ್ಲೂ ಇತ್ತಲ್ಲ ಮಗಾ," ಎಂದರು. "ಶಾಲೆ ಬಿಟ್ಟು ಹನ್ನೆರಡೂವರೆಗೆ ಬರ್ತಿದ್ದಿ. ಆ ಗರ್ದಿಯಲ್ಲಿ ನಿನಗೆ ದಿನಾ ಸೀಟು ಹೇಗೆ ಸಿಗ್ತಿತ್ತು ಅಂತ ಮಾಡಿದ್ದಿ? ದೇವರು ಕಾದು ಕೂತಿದ್ನಾ?"

ನಮ್ಮ ಶಾಲೆ ಹೋಟೆಲಿನಿಂದ ಎರಡು ಗಲ್ಲಿ ಆಚೆ. ಗಂಟೆ ಹೊಡೆದ ಕೂಡಲೇ ಓಡಿ ಬರುತ್ತಿದ್ದೆ. ಅಡುಗೆಮನೆಯ ಬಾಗಿಲ ಬಳಿಯ ಟೇಬಲ್ಲಿನಲ್ಲಿ ಕೂತು, ಬಿಸಿ ಅನ್ನ ಸಾರು ಉಂಡು, ಕೈತೊಳೆದು ಮತ್ತೆ ಓಡುತ್ತಿದ್ದೆ. ನಾನು ಒಳಗೆ ಕಾಲಿಡುವ ಹೊತ್ತಿಗೆ ಲೋಟ ನೆಟ್ಟಗಾಗಿ ಅದರಲ್ಲಿ ನೀರು ತುಂಬಿರುತ್ತಿತ್ತು. ಕವುಚಿದ ಲೋಟವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಹೋಟೆಲು ಎಷ್ಟು ದೊಡ್ಡದೆಂದರೆ ಯಾವಾಗ ಹೋದರೂ ಜಾಗ ಇರುತ್ತದೆ ಎಂದು ಗೆಳತಿಯರೆದುರು ಜಂಬ ಕೊಚ್ಚಿದ್ದೂ ಉಂಟು. ಹತ್ತೇ ಟೇಬಲ್ಲಿನ ಹೋಟೆಲು ಅದು.

"ನೀವು ಕಾದಿಡ್ತಿದ್ರಾ ಅಪ್ಪ?"

"ನಾನೆಲ್ಲಿ ಕಾಯುದು? ನಾನು ಗಲ್ಲೆ ಬಿಟ್ಟು ಏಳ್ಲಿಕ್ಕುಂಟಾ? ಕಾದದ್ದು ಸಪ್ಲಾಯರ್. ಗಿರಾಕಿ ಬಯ್ಯುದು ಅವನಿಗೆ. ಟೇಬಲ್ ಖಾಲಿ ಬಿಟ್ರೆ ಟಿಪ್ಪು ಹೋಗುದೂ ಅವನದ್ದೇ. ನಮ್ಮವರ ಹೋಟೆಲಲ್ಲಿ ಹೆಚ್ಚಿನ ಕಡೆ ಹೀಗೆ ಒಂದು ಟೇಬಲ್ ಇರ್ತಿತ್ತು. ಕೆಲವು ಕಡೆ ಮಕ್ಕಳಿಗೆ, ಕೆಲವು ಕಡೆ ಊರಿಂದ ಬಂದ ಯಾರಾದ್ರೂ ಪ್ರಾಯ ಆದವರಿಗೆ."

ಆ ಸಪ್ಲಾಯರನ್ನು ನೆನಪಿಸಿಕೊಳ್ಳಲು ನೋಡಿದೆ. ಬಿಳಿ ಅಂಗಿಯ ತೋಳು, ನೀರಿನ ಜಗ್ಗು, ಮಣಿಗಂಟಿನ ಹತ್ತಿರ ಒಂದು ಸುಟ್ಟ ಕಲೆ. ಮುಖ ಬರಲಿಲ್ಲ. ಎಂಟು ವರ್ಷ ಅವನ ಕೈಯಿಂದ ಬಡಿಸಿಕೊಂಡು ಉಂಡಿದ್ದೇನೆ, ಮುಖ ಮಾತ್ರ ಇಲ್ಲ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. "ಆ ಆಟ ನೀನು ಪೂರ್ತಿ ಆಡಿದ್ಯಾ?"

"ಮೂರು ದಿನದ್ದು ಆಡಿದೆ. ಒಟ್ಟು ಏಳು."

"ಹಾಗಾದ್ರೆ ತಟ್ಟೆ ತೋರ್ಸಿ ಮಾತಾಡು," ಎಂದು ಅಪ್ಪ ಇಡ್ಲಿ ಬಾಯಿಗಿಟ್ಟುಕೊಂಡರು.

ಇದು ನಮ್ಮ ಹೋಟೆಲಿನ ಕಾನೂನು. ಮಧ್ಯಾಹ್ನದ ಗರ್ದಿ ಇಳಿದು ಮೂರು ಗಂಟೆಗೆ ಕೆಲಸದವರು, ಅಪ್ಪ, ಭಟ್ಟರು ಎಲ್ಲ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಅಡುಗೆಯ ಬಗ್ಗೆ ಯಾರು ಏನು ದೂರು ಬೇಕಾದರೂ ಹೇಳಬಹುದು, ಪಾತ್ರೆ ತೊಳೆಯುವವನೂ ಹೇಳಬಹುದು, ಭಟ್ಟರು ಸಿಟ್ಟಾಗುವಂತಿಲ್ಲ. ಆದರೆ ಒಂದು ಶರತ್ತು, ಹೇಳುವವನ ತಟ್ಟೆ ಖಾಲಿಯಾಗಿರಬೇಕು. ಅರ್ಧ ಉಂಡವನ ದೂರು ದೂರಲ್ಲ. ಎರಡು ತುತ್ತಿಗೆ ಉಪ್ಪು ಕಡಿಮೆ ಎಂದವನು ಹತ್ತನೆಯ ತುತ್ತಿಗೆ ಸರಿಯಾಗಿದೆ ಎಂದರೆ ಭಟ್ಟರಿಗೆ ಮಾಡಿದ ಅವಮಾನ ಯಾರು ವಾಪಸ್ ತರುವುದು ಎಂದು ಅಪ್ಪ ಕೇಳುತ್ತಿದ್ದರು. ಈ ಕಾನೂನನ್ನು ನಾನು ನನ್ನ ಅಂಕಣದಲ್ಲಿಯೇ ಒಮ್ಮೆ ಹೆಮ್ಮೆಯಿಂದ ಬರೆದುಕೊಂಡಿದ್ದೆ. ಊರಿಗೆಲ್ಲ ಉಪದೇಶ ಮಾಡುವವಳ ಸ್ವಂತ ತಟ್ಟೆಯಲ್ಲಿ ಈಗ ನಾಲ್ಕು ದಿನದ ಅನ್ನ ಉಳಿದಿತ್ತು.

ಸೋಮವಾರ ರೈಲು ಹತ್ತಿದ ಕೂಡಲೇ ಯಂತ್ರ ತೆಗೆದೆ. ನಾಲ್ಕನೆಯ ದಿನ ಗಿರಾಕಿಗಳ ಬೈಗುಳ ಜೋರಾಯಿತು. ಐದನೆಯ ದಿನ ಒಬ್ಬ ನೀರಿನ ಲೋಟವನ್ನು ನೆಲಕ್ಕೆ ಕುಕ್ಕಿ ಎದ್ದು ಹೋದ. ಇಷ್ಟರವರೆಗೆ ಪ್ರತಿ ದಿನವೂ ಆಟ ಗಡಿಯಾರದ ಹನ್ನೆರಡಕ್ಕೆ ಮುಗಿಯುತ್ತಿತ್ತು. ಆರನೆಯ ದಿನ ಮುಳ್ಳು ಮೊದಲ ಬಾರಿಗೆ ಹನ್ನೆರಡು ದಾಟಿ ಹನ್ನೆರಡೂವರೆಗೆ ಬಂತು. ಧಣಿ ಗಲ್ಲೆಯಿಂದ ಕಣ್ಸನ್ನೆ ಮಾಡಿದ. ನಾನು ಲೋಟ ನೆಟ್ಟಗೆ ಮಾಡಿ ನೀರು ತುಂಬಿಸಿದೆ. ಎರಡು ಜಡೆ, ಕೆಂಪು ರಿಬ್ಬನ್, ಬೆನ್ನಿಗೆ ಶಾಲೆಯ ಚೀಲ, ಧಣಿಯ ಮಗಳು ಓಡಿಬಂದು ಆ ಟೇಬಲ್ಲಿನಲ್ಲಿ ಕೂತಳು. ಬಡಿಸಿದೆ. ಉಂಡಳು. ಹೋದಳು. ಒಮ್ಮೆಯೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಬೇಕಂತ ಅಲ್ಲ, ಹಸಿವು, ಅವಸರ, ಅಷ್ಟೇ. ಆದರೂ ನೋಡಲಿಲ್ಲ.

ನಾನು ಇಳಿಯಬೇಕಾದ ಬೇಲಾಪುರ ಬಂದು ಹೋದದ್ದು ಗೊತ್ತಾಗಲಿಲ್ಲ. ಮರಾಠಿ ಟೀಚರು ಇಳಿಯುವ ಮೊದಲು ಏನೋ ಕೇಳಿದ್ದರು, ನಾನು ಉತ್ತರ ಕೊಟ್ಟಿರಲಿಲ್ಲ. ಖಾರಘರ್ ದಾಟುವಾಗ ಏಳನೆಯ ದಿನ ಶುರುವಾಯಿತು.

ಏಳನೆಯ ದಿನ ಶಾಲೆಗೆ ರಜೆ. ಆ ಟೇಬಲ್ ಇವತ್ತು ಗಿರಾಕಿಗಳಿಗೆ ಬಿಟ್ಟುಕೊಡು ಎಂದು ಧಣಿ ಹೇಳುತ್ತಾನೆ. ಗರ್ದಿ ಮುಗಿಯುತ್ತದೆ. ಹೋಟೆಲು ಖಾಲಿ. ಯಾವ ಗುಂಡಿ ಒತ್ತಬೇಕೆಂದು ಗೇಮ್ ಹೇಳುವುದಿಲ್ಲ, ಸುಮ್ಮನೆ ಕಾಯುತ್ತದೆ. ನಾನು ಸಪ್ಲಾಯರನ್ನು ನಡೆಸಿಕೊಂಡು ಹೋಗಿ ಆ ಟೇಬಲ್ಲಿನಲ್ಲಿ ಕೂರಿಸಿದೆ. ಆತ ಜೇಬಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ಊರಿನಲ್ಲಿರುವ ಮಗಳಿಗೆ ಬರೆಯತೊಡಗಿದ. ಅಕ್ಷರಗಳು ಒಂದೊಂದಾಗಿ ಮೂಡಿದವು.

'ಇಲ್ಲಿ ನಿನ್ನ ಪ್ರಾಯದ ಒಬ್ಬಳು ಹುಡುಗಿ ದಿನಾ ಊಟಕ್ಕೆ ಬರ್ತಾಳೆ. ನಿನ್ನ ಹಾಗೇ ಎರಡು ಜಡೆ. ತಟ್ಟೆಯಲ್ಲಿ ಒಂದು ಅಗುಳು ಬಿಡುದಿಲ್ಲ. ಅವಳಿಗೆ ಬಡಿಸುವಾಗ ನಿನಗೇ ಬಡಿಸಿದ ಹಾಗೆ ಆಗ್ತದೆ. ನೀನೂ ಹಾಗೆ ಉಣ್ಣು. ನಾನು ಮೇ ತಿಂಗಳಲ್ಲಿ ಬರ್ತೇನೆ.'

ಅಲ್ಲಿಗೆ ಗೇಮ್ ಮುಗಿಯಿತು. ನಾನು ಪನ್ವೇಲಿನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅತ್ತೆ. ಚಹಾ ಮಾರುವವನು ಒಮ್ಮೆ ನೋಡಿ ದೂರ ಹೋದ. ಅತ್ತದ್ದು ಗೇಮಿಗಾಗಿಯೋ, ನೆನಪಿಗೆ ಬಾರದ ಆ ಮುಖಕ್ಕಾಗಿಯೋ, ನನ್ನ ಮೂರು ಸಾಲಿಗಾಗಿಯೋ, ಬೇರೆ ಮಾಡಿ ಹೇಳಲಾರೆ. ಜನ್ಮದಲ್ಲಿ ಎಂಜಲು ಪ್ಲೇಟ್ ಎತ್ತದವರು ಯಾರು ಎಂಬುದು ಮಾತ್ರ ಆ ಬೆಂಚಿನ ಮೇಲೆ ಸ್ಪಷ್ಟವಾಗಿತ್ತು. ಹೋಟೆಲಿನವರ ಮಗಳು ಎಂದು ಮೆರೆದೆನಲ್ಲ, ಹೋಟೆಲಿನಲ್ಲಿ ನಾನು ಕಂಡದ್ದು ನನ್ನ ತಟ್ಟೆ ಒಂದನ್ನೇ.

ಕಚೇರಿಗೆ ಅರ್ಧ ದಿನ ರಜೆ ಹೇಳಿ ಅಲ್ಲಿಯೇ ಕೂತು ಎರಡನೆಯ ವಿಮರ್ಶೆ ಬರೆದೆ. ಮೊದಲನೆಯದನ್ನು ಅಳಿಸಲಿಲ್ಲ. ಅದರ ತಲೆಯ ಮೇಲೆಯೇ, ಇದನ್ನು ಬರೆದಾಗ ನಾನು ಏಳರಲ್ಲಿ ಮೂರು ದಿನ ಮಾತ್ರ ಆಡಿದ್ದೆ, ಖಾಲಿ ಟೇಬಲ್ ಸುಳ್ಳೆಂದದ್ದು ನನ್ನ ತಪ್ಪು, ಆ ಟೇಬಲ್ಲಿನಲ್ಲಿ ಎಂಟು ವರ್ಷ ಉಂಡವಳು ನಾನೇ ಎಂದು ಹಾಕಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಆಮೇಲೆ ಗೊತ್ತಾಯಿತು. ಎರಡನೆಯದನ್ನು ಓದಿದವರು ಬೆರಳೆಣಿಕೆಯಷ್ಟು. ಇಂಗ್ಲಿಷಿನ ಆ ಮೂರು ಸಾಲು ಮಾತ್ರ ಇನ್ನೂ ಊರೂರು ಸುತ್ತುತ್ತಲೇ ಇತ್ತು. ಅದನ್ನು ಹಂಚಿದ ಒಬ್ಬೊಬ್ಬರಿಗೂ ತಿದ್ದಿ ಬರೆದೆ. ಒಬ್ಬ, 'ಆಂಟಿ, ಮೊದಲಿನದ್ದೇ ಮಸ್ತ್ ಇತ್ತು' ಎಂದ.

ಹುಡುಗಿಗೆ ಫೋನ್ ಮಾಡಲು ಧೈರ್ಯ ಬರುವಾಗ ಮೂರು ವಾರ ಕಳೆದಿತ್ತು. ಕ್ಷಮೆ ಕೇಳುವ ಮೊದಲೇ ಅವಳು ತಡೆದಳು. "ಪಪ್ಪಾ ಹೇಳ್ತಾರೆ, ಊಟಕ್ಕೆ ಬನ್ನಿ ಅಂತ. ರವಿವಾರ್ ಚಲೇಗಾ ನಾ?"

ಡೊಂಬಿವಲಿ ಪೂರ್ವ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೆಯ ಮಹಡಿ. ಬಾಗಿಲು ತೆರೆದವರು ಎಪ್ಪತ್ತರ ಹತ್ತಿರದ ಗಂಡಸು. ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗೆ. "ಉಲಾಯಿ ಬಲೆ," ಎಂದು ತುಳುವಿನಲ್ಲಿಯೇ ಒಳಗೆ ಕರೆದರು. ಇವರು ಹುಡುಗಿಯ ಅಪ್ಪ, ಕಲ್ಯಾಣದ ಒಂದು ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಸಪ್ಲಾಯರ್ ಆಗಿದ್ದವರು. ಹುಡುಗಿ ಹತ್ತು ವರ್ಷದವಳಾಗುವವರೆಗೆ ಊರಿನಲ್ಲಿ ಅಜ್ಜಿಯೊಂದಿಗೆ ಇದ್ದಳಂತೆ. ಈಗ ಮೂವತ್ತು ದಾಟಿರಬಹುದು. ತೆಳ್ಳಗೆ, ದಪ್ಪ ಕನ್ನಡಕ, ಕೈಯಲ್ಲಿ ಒಂದು ನೋಟ್‌ಬುಕ್.

"ಸಚ್ ಬೋಲೂ ತೋ, ಓದಿ ನಂಗೆ ತುಂಬಾ ಬೇಜಾರಾಯ್ತು," ಎಂದಳು ಹುಡುಗಿ. "ಪಣ್ ಪಪ್ಪಂಗೆ ಓದಿ ಹೇಳಿದ್ರೆ ಅವ್ರು ನಕ್ಕುಬಿಟ್ರು."

"ಎಂಜಲು ಪ್ಲೇಟ್ ಎತ್ತದವರು ಅಂತ ಬರ್ದದ್ದು ನೀವೇ ಅಲ್ವಾ?" ಎಂದರು ಅವರು.

ನಾನು ತಲೆ ತಗ್ಗಿಸಿದೆ. "ನಾನೇ ಅಣ್ಣ. ತಪ್ಪಾಯ್ತು."

"ತಪ್ಪೆಂತ? ಸರಿಯೇ ಬರ್ದಿದ್ದೀರಿ. ಇವಳು ಒಂದು ಪ್ಲೇಟೂ ಎತ್ತಿದವಳಲ್ಲ. ಇವಳು ಎತ್ತುದು ಬೇಡ ಅಂತಲೇ ನಾನು ಅಷ್ಟು ವರ್ಷ ಎತ್ತಿದ್ದು." ಅವರು ಮತ್ತೆ ನಕ್ಕರು. ಆ ನಗುವಿನಲ್ಲಿ ಕುಹಕ ಇರಲಿಲ್ಲ, ಹೆಮ್ಮೆ ಇತ್ತು. ನಾನು ಬೈಗುಳವೆಂದು ಬರೆದದ್ದನ್ನು ಅವರು ಬಹುಮಾನದ ಹಾಗೆ ಎತ್ತಿಟ್ಟುಕೊಂಡಿದ್ದರು. ನನಗೆ ಅದನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು.

ಒಂದನೇ ತಾರೀಕಿಗೆ ಆಫೀಸಿಗೆ ಸೇರಿದೆ ಎಂದು ಹುಡುಗಿ ಹೇಳಿದಳು. ಆಡುವವರು ಸಾಕಷ್ಟು ಸಿಗಲಿಲ್ಲ. ನಿಮ್ಮ ಒಬ್ಬರಿಂದ ಅಲ್ಲ ಎಂದೂ ಸೇರಿಸಿದಳು. ಅದು ಅವಳ ಒಳ್ಳೆಯತನ. ಎರಡನೆಯ ಗೇಮ್ ಏನಾಯಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳ ಲ್ಯಾಪ್‌ಟಾಪು ಕಪಾಟಿನ ಮೇಲೆ ಚೀಲದೊಳಗೆ ಇತ್ತು.

ನೆಲದ ಮೇಲೆ ಚಾಪೆ ಹಾಸಿತ್ತು. ನನ್ನ ತಟ್ಟೆಯ ಬಳಿ ಒಂದು ಸ್ಟೀಲ್ ಲೋಟ ಕವುಚಿ ಇಟ್ಟಿದ್ದರು. ನಾನು ಕೂತ ಮೇಲೆ ಅವರು ಬಗ್ಗಿ ಅದನ್ನು ನೆಟ್ಟಗೆ ಮಾಡಿ ನೀರು ತುಂಬಿಸಿದರು. ಈ ಸಲ ನಾನು ತಲೆ ಎತ್ತಿ ಅವರ ಮುಖ ನೋಡಿದೆ. ಅಗಲ ಹಣೆ, ಬಲಗಣ್ಣಿನ ಕೆಳಗೆ ಒಂದು ಮಚ್ಚೆ, ಎರಡು ದಿನದ ಬಿಳಿ ಗಡ್ಡ. ನಮ್ಮ ಹೋಟೆಲಿನ ಆ ಅಣ್ಣನಂತೂ ಅಲ್ಲ, ಅವರ ಮಣಿಗಂಟಿನಲ್ಲಿ ಕಲೆ ಇರಲಿಲ್ಲ. ಆದರೂ ಚೆನ್ನಾಗಿ ನೋಡಿಟ್ಟುಕೊಂಡೆ.

ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಹಪ್ಪಳ. ಅಪ್ಪ, ಮಗಳು ಇಬ್ಬರೂ ನನ್ನ ಎದುರಿಗೆ ಕೂತು ಉಂಡರು. ಸಾಂಬಾರಿಗೆ ಹುಳಿ ಒಂದು ಚೂರು ಮುಂದಾಗಿತ್ತು. ನಾನು ಮಾತಾಡದೆ ಉಂಡೆ. ಎರಡನೆಯ ಸಲ ಬಡಿಸಿದ್ದನ್ನೂ ಬಿಡಲಿಲ್ಲ, ಕೊನೆಯ ಅಗುಳನ್ನೂ ಬೆರಳಿಂದ ಒರಸಿ ತಿಂದೆ.

ಅವರು ಅಭ್ಯಾಸಬಲದಿಂದ ಎದ್ದು ನನ್ನ ತಟ್ಟೆಗೆ ಕೈ ಚಾಚಿದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇವತ್ತು ನಾನೇ ಎತ್ತುತ್ತೇನೆ ಅಣ್ಣ, ಇಷ್ಟಾದರೂ ಮಾಡಲು ಬಿಡಿ ಎಂದೆ. ದಾರಿಯುದ್ದಕ್ಕೂ ಇದನ್ನೇ ಯೋಚಿಸಿಕೊಂಡು ಬಂದಿದ್ದೆ, ಈ ಒಂದು ತಟ್ಟೆ ತೊಳೆದುಬಿಟ್ಟರೆ ಎದೆಯ ಭಾರ ಇಳಿದೀತು ಎಂದು.

ಅವರು ಬಿಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು.

"ಬೇಡಮ್ಮ. ಪ್ಲೇಟ್ ಎತ್ತುದು ನನ್ನ ಕೆಲಸ, ಅದು ನಂಗೆ ಬರ್ತದೆ. ನಿಮ್ಮ ಕೆಲಸ ಬೇರೆ ಉಂಟಲ್ಲ, ಅದನ್ನು ಮಾಡಿ." ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. "ಹ್ಞಾ, ಖಾಲಿ ಉಂಟು. ನಿಮ್ಮ ಹೋಟೆಲಿನ ಕಾನೂನು ಇವಳು ಓದಿ ಹೇಳಿದ್ದಾಳೆ. ಇನ್ನು ಹೇಳಿ. ಇವಳ ಗೇಮ್ ಹ್ಯಾಗಿತ್ತು? ಪಾಪ ಅಂತ ಹೇಳುದು ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ."

ಹುಡುಗಿ ಎಡಗೈಯಿಂದ ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡಳು. ಪುಟದ ತಲೆಗೆ 'ಎರಡನೇ ಗೇಮ್' ಎಂದು ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆದಿತ್ತು, ಅದರ ಕೆಳಗೆ ಎಲ್ಲ ಖಾಲಿ. ಊಟದ ಕೈ ಒಣಗುತ್ತಿದ್ದರೂ ಅವಳು ಏಳಲಿಲ್ಲ.

"ಆ ಕಾಗದ ಓದಿ ನಾನು ಪನ್ವೇಲಿನಲ್ಲಿ ಕೂತು ಅತ್ತೆ," ಎಂದೆ. "ಆದರೆ ಮೂರನೆಯ ದಿನ ಉದ್ದ ಆಯ್ತು. ನಾನು ಎದ್ದು ಹೋದದ್ದು ಅಲ್ಲಿಯೇ."

ಅವಳು ಎಡಗೈಯಲ್ಲೇ ಬರೆದುಕೊಂಡಳು.